ರಸೀದಿಯ ಕೊನೆಯ ಸಾಲು

"ಕೆಳಗಿನ ಅಂಗಡೀಲಿ ಮೂರು ತಿಂಗಳ ಹಿಂದೆ ಹೊಸ ಮಿಷನ್‌ಗೆ ಒಂದು ಬೆಲೆ ಬರೆದುಕೊಟ್ಟು, ಈಗ ಇನ್ನೊಂದು ಕೇಳ್ತಾರೆ ಟೈಪಮ್ಮಾ. ಹಳೇ ಮಿಷನ್ ಮಾರಿಬಿಟ್ಟಿದೀನಿ. ಇದು ಸಿಗ್ಲಿಲ್ಲ ಅಂದ್ರೆ ನಾನು ಏನು ಹೊಲೀಲಿ?" ಎಂದು ದರ್ಜಿ ಹೆಂಗಸು ನಮ್ಮ ಬಾಗಿಲಲ್ಲೇ ಅತ್ತಳು.

ಟೈಪಮ್ಮ ನನ್ನ ದೊಡ್ಡಮ್ಮ. ನಲವತ್ತು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿ ನಿವೃತ್ತಳಾಗಿದ್ದಳು. ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಬೀದಿಯಲ್ಲಿ ಏನು ಎಡವಟ್ಟಾದರೂ ಜನ ನಮ್ಮ ಮೆಟ್ಟಿಲು ಹತ್ತುತ್ತಿದ್ದರು.

ರಸೀದಿಯಲ್ಲಿ ಬೆಲೆ, ಮುಂಗಡ, ಮಾಲೀಕನ ಸಹಿ ಎಲ್ಲ ಇದ್ದವು. ಕೊನೆಯಲ್ಲಿ 'ಯಂತ್ರ ಬಂದ ದಿನದ ಬೆಲೆಯೇ ಅಂತಿಮ' ಎಂದಿತ್ತು.

"ಈ ಸಾಲು ಮೊದಲು ಇರ್ಲಿಲ್ಲ," ಎಂದಳು ದರ್ಜಿ.

ರಸೀದಿಯ ಹಿಂಬದಿಗೆ ನೀಲಿ ಮಸಿ ಹತ್ತಿತ್ತು. ಒರೆಸಲು ಹೋದ ನನ್ನ ಕೈಗೆ ದೊಡ್ಡಮ್ಮ ಪಟ್ಟೆಂದು ಹೊಡೆದಳು.

"ಇದು ನಿನ್ನ ಕೈ ಬಿಟ್ಟುಹೋಗಿತ್ತಾ?"

"ಹೋದ ವಾರ, ಮಾಲೀಕರು ಮಿಷನ್ ತರೋಕೆ ಹೋದ ಮಾರನೇ ದಿನ. ಅಂಗಡಿಯ ನಕಲು ಪುಸ್ತಕದಲ್ಲಿ ಅಕ್ಷರ ಮೂಡಿಲ್ಲ, ಬರ್ಕೊಂಡು ಕೊಡ್ತೀವಿ ಅಂತ ಗಲ್ಲಾದಲ್ಲಿ ಎಲ್ಲರ ಹತ್ರನೂ ಇಸ್ಕೊಂಡ್ರು. ಮೆಕ್ಯಾನಿಕ್ ವಾಪಸ್ ತಂದುಕೊಟ್ಟ. ಲಕೋಟೆ ಅಂಟಿಸಿತ್ತು, ನಾನೇ ಹರಿದೆ."

ಮಾಲೀಕ ಯಂತ್ರಗಳೊಂದಿಗೆ ಮರಳಿದ ಸಂಜೆಯೇ ದೊಡ್ಡಮ್ಮ ಅಂಗಡಿಯಲ್ಲಿ ಎಲ್ಲರನ್ನೂ ಸೇರಿಸಿದಳು. ಮಾಲೀಕ, ಗಲ್ಲಾದಲ್ಲಿ ಕೂರುವ ಅವನ ತಂಗಿ, ಮೆಕ್ಯಾನಿಕ್, ದರ್ಜಿಯೂ ಸೇರಿ ಒಂದೇ ಬೆಳಿಗ್ಗೆ ಮುಂಗಡ ಕೊಟ್ಟಿದ್ದ ನಾಲ್ವರು ಗಿರಾಕಿಗಳು ಬಂದರು. ಕೈಗನ್ನಡಿ ಹಿಡಿಯುವ ಕೆಲಸ ನನ್ನದು.

"ಕಾರ್ಬನ್ ಹಾಳೆ ತಲೆಕೆಳಗಾಗಿ ಇಟ್ರೆ ನಕಲು ಖಾಲಿ ಉಳಿಯತ್ತೆ, ಬರೆದದ್ದೆಲ್ಲ ಮೇಲಿನ ಹಾಳೆಯ ಬೆನ್ನಿಗೇ ಮೂಡತ್ತೆ. ಇದಕ್ಕೆ ನಾನೆಷ್ಟು ಸಲ ಬೈಸ್ಕೊಂಡಿದೀನೋ! ಕನ್ನಡಿಯಲ್ಲಿ ಓದಿ."

ಬೆಲೆ, ಮುಂಗಡ, ಸಹಿ ಸ್ಪಷ್ಟವಾಗಿ ಕಂಡವು. ಕೊನೆಯ ಸಾಲು ಮಾತ್ರ ಕಾಣಲಿಲ್ಲ.

"ಅಂದ್ರೆ ಬುಕ್ ಮಾಡಿದ ದಿನ ಆ ಸಾಲು ಇರ್ಲಿಲ್ಲ. ಆಮೇಲೆ ಸೇರ್ಸಿದ್ದಾರೆ. ಮಾಲೀಕ ಊರಲ್ಲೇ ಇರ್ಲಿಲ್ಲ. ಮೆಕ್ಯಾನಿಕ್‌ಗೆ ಸಿಕ್ಕಿದ್ದು ಅಂಟಿಸಿದ ಲಕೋಟೆ. ಅದಕ್ಕೆ ಮುಂಚೆ ರಸೀದಿಗಳು ಇದ್ದದ್ದು ನಿನ್ನ ಹತ್ರ ಮಾತ್ರ ಕಣಮ್ಮ."

ತಂಗಿ ತಲೆ ತಗ್ಗಿಸಿದಳು. "ಕಂಪನಿಯೋರು ಬೆಲೆ ಏರ್ಸಿದ್ರು. ಹಳೇ ಬೆಲೆಗೆ ಕೊಟ್ರೆ ಅಣ್ಣ ಮುಳುಗಿಹೋಗ್ತಾನೆ ಅಂತ..."

"ಬರೆದುಕೊಟ್ಟ ಬೆಲೆ ಬೆಲೆಯೇ," ಎಂದಳು ದೊಡ್ಡಮ್ಮ. ಗಿರಾಕಿಗಳ ಕಡೆಗೂ ತಿರುಗಿದಳು. "ನಿಮಗೂ ಅಷ್ಟೇ. ಬೆಲೆ ಇಳಿದಿದ್ರೂ ಬರೆದಷ್ಟು ಕೊಡ್ಬೇಕಿತ್ತು."

ಮಾಲೀಕ ತಂಗಿಯನ್ನೇ ನೋಡುತ್ತಿದ್ದ. "ಹಳೇ ಬೆಲೆಗೇ ಕೊಡೋದು ಅಂತ ನಾನು ಆಗ್ಲೇ ಹೊಂದಿಸಿದ್ದೆ ಕಣೇ. ಸ್ಕೂಟರ್ ಮಾರಿದೆ."

"ರಿಪೇರಿಗೆ ಕೊಟ್ಟಿದೀನಿ ಅಂದ್ಯಲ್ಲ?"

"ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ದರ್ಜಿ ಯಂತ್ರವನ್ನು ಹಳೆಯ ಬೆಲೆಗೇ ಒಯ್ದಳು. ಹೊರಡುವಾಗ ಗಲ್ಲಾದ ಕಡೆ ನೋಡಲು ಅವಳಿಗೂ ಧೈರ್ಯವಾಗಲಿಲ್ಲ.

ಮರುದಿನದಿಂದ ತಂಗಿ ಅಂಗಡಿಗೆ ಬರಲಿಲ್ಲ. ಬೀದಿಯಲ್ಲಿ ಮುಖ ಎತ್ತಿ ನಡೆಯಲಾರೆನೆಂದು ದೂರದ ಚಿಕ್ಕಮ್ಮನ ಮನೆಗೆ ಹೋದಳಂತೆ. ಅಣ್ಣ ಎರಡು ಸಲ ಕರೆಯಲು ಹೋಗಿ ಒಬ್ಬನೇ ಬಸ್ಸಿಳಿದು ಬಂದ.

"ಗೊತ್ತಾದಾಗ ಅವಳೊಬ್ಬಳನ್ನೇ ಮೇಲಕ್ಕೆ ಕರೆದು ಕೇಳ್ಬೇಕಿತ್ತು," ಎಂದಳು ದೊಡ್ಡಮ್ಮ. "ನಾಲ್ಕು ಜನರ ಮುಂದೆ ಬಿಡಿಸಿ ಹೇಳೋ ಚಪಲ ನನಗೆ."

ಕನ್ನಡಿ ಹಿಡಿದು ಹೆಮ್ಮೆಪಟ್ಟಿದ್ದ ನನಗೂ ನಾಚಿಕೆಯಾಯಿತು. ಅಂದಿನಿಂದ ಯಾರು ಏನೇ ಹೇಳಿಕೊಳ್ಳಲು ಬಂದರೂ ದೊಡ್ಡಮ್ಮ ಮೊದಲು ಬಾಗಿಲು ಹಾಕಿಸುತ್ತಿದ್ದಳು.