ನಡುಗೋಡೆ

ನಮ್ಮ ಹಳೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಮೊಳೆ ಹೊಡೆಯುವ ಮುಂಚೆ ಗೋಡೆ ತಟ್ಟಬೇಕು; ಆಚೆಯವರು ತಮ್ಮ ಗೂಡಿನ ಪಾತ್ರೆ ಉರುಳದಂತೆ ಇಳಿಸಿಕೊಂಡು ತಿರುಗಿ ತಟ್ಟಿದ ಮೇಲೆಯೇ ಸುತ್ತಿಗೆ ಎತ್ತುವುದು. ಹಗಲಲ್ಲೂ ದೀಪ ಬೇಕು, ಸೂರು ಸೋರುತ್ತದೆ. ಆದರೆ ಬೇಸಿಗೆಯಲ್ಲೂ ತಂಪು, ಮಾರ್ಕೆಟ್ಟು ಕೂಗಳತೆಯಲ್ಲಿ.

ಆಚೆ ಮನೆ ಕೆಡವಿ ಬಯಲಾದ ಮೇಲೆ ಒಂದು ಮಧ್ಯಾಹ್ನ, ಕನ್ನಡಿ ತೂಗುಹಾಕಲೆಂದು ಅಭ್ಯಾಸಬಲದಿಂದ ಗೋಡೆ ತಟ್ಟಿದೆ. ಪಾತ್ರೆ ಇಳಿಸುವ ಸದ್ದಾಯಿತು. ಆಮೇಲೆ ಉತ್ತರ ಬಂತು. ಕೈಯಿಟ್ಟು ನೋಡಿದರೆ ಗೋಡೆ ಒಲೆಯ ಪಕ್ಕದಂತೆ ಬೆಚ್ಚಗಿತ್ತು.

"ಈ ಮನೆ ಮಾರಿಬಿಡೋಣ ಕಣೇ," ಅಂದರು ನಮ್ಮ ಯಜಮಾನರು.

"ಯಾರೋ ತಟ್ಟಿದ್ರು ಅಂತ ಮನೆ ಬಿಡೋಕಾಗುತ್ತಾ? ನಾನಂತೂ ಬರಲ್ಲ," ಅಂದವಳೇ ಮೊಳೆ ಹೊಡೆದೆ.

ಈಗ ದಿನಾ ಮಧ್ಯಾಹ್ನ ಆ ಕಡೆಯಿಂದಲೇ ತಟ್ಟುತ್ತಾರೆ. ನನ್ನ ಪಾತ್ರೆಗಳನ್ನೆಲ್ಲ ಇಳಿಸಿಟ್ಟಿದ್ದೇನೆ. ತಿರುಗಿ ಮಾತ್ರ ತಟ್ಟಿಲ್ಲ.