ಹೆಬ್ಬೆರಳಗಲ

ನಂಬಿದರೆ ನಂಬಿ, ಬಿಟ್ಟರೆ ಬಿಡಿ; ಸ್ಕ್ಯಾನುಗಳು ನನ್ನ ಬೀರುವಿನಲ್ಲಿವೆ. ಹನ್ನೊಂದು ವರ್ಷದ ಹಿಂದೆ ಅಪಘಾತದಲ್ಲಿ ನನ್ನ ಎಡಗೆನ್ನೆಯ ಮೂಳೆ ಪುಡಿಯಾದಾಗ ಡಾಕ್ಟರು ಅಲ್ಲಿ ಕೃತಕ ಮೂಳೆ ಕೂರಿಸಿದರು. ಆಮೇಲೆ ದಿನಾ ಬೆಳಿಗ್ಗೆ ನನ್ನ ಹೆಂಡತಿ ಅಲ್ಲಿ ಹೆಬ್ಬೆರಳು ಒತ್ತಿ, "ಗಟ್ಟಿಯಾಗಿದೆ, ನನಗಿಂತ ಹೆಚ್ಚು ಬಾಳುತ್ತೆ ಬಿಡಿ," ಎಂದು ನಗುತ್ತಿದ್ದಳು. ಹಾಗೇ ಆಯಿತು. ಅವಳು ಹೋಗಿ ಮೂರು ವರ್ಷ.

ಮೊನ್ನೆ ಡಾಕ್ಟರು ವರ್ಷವರ್ಷದ ಸ್ಕ್ಯಾನುಗಳನ್ನು ಸಾಲಾಗಿ ಇಟ್ಟು ನೋಡಿದರು. ಎಂಟು ವರ್ಷ ಆ ಮೂಳೆ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಈಚಿನ ಮೂರರಲ್ಲಿ ಮಾತ್ರ ಹೆಬ್ಬೆರಳಗಲದ ಒಂದು ಗುಳಿ ಬಿದ್ದು, ಆಳವಾಗುತ್ತಾ ಬಂದಿತ್ತು.

"ಇದು ಸವೆಯೋ ವಸ್ತು ಅಲ್ವಲ್ಲ. ಆ ಮಗ್ಗುಲಿಗೆ ಮಲಗ್ತೀರಾ?"

"ಇಲ್ಲ ಡಾಕ್ಟ್ರೇ," ಎಂದೆ.

ಬೆಳಗಾಗುತ್ತಲೇ ಅಷ್ಟು ಜಾಗ ಮಾತ್ರ ಬೆಚ್ಚಗಾಗುತ್ತದೆ ಎಂದು ಹೇಳಲಿಲ್ಲ. ಮೂರು ವರ್ಷದಿಂದ ನಾನು ಆ ಕೆನ್ನೆಯನ್ನು ಮೇಲೆ ಮಾಡಿಕೊಂಡೇ ಮಲಗುತ್ತೇನೆ.