ಕರೆಂಟ್ ಕೊಡದೆ ಎದ್ದ ಅಲೆ

ಹತ್ತೊಂಬತ್ತು ವರ್ಷದಿಂದ ನನ್ನದು ಇದೇ ಕೆಲಸ. ತಲೆಗೆ ಪೆಟ್ಟುಬಿದ್ದು ಪ್ರಜ್ಞೆ ತಪ್ಪಿದವರ ಮಣಿಕಟ್ಟಿಗೆ ಸಣ್ಣ ಕರೆಂಟ್ ಕೊಡುತ್ತೇನೆ. ಅದು ಮಿದುಳನ್ನು ಮುಟ್ಟಿದರೆ ತಲೆಗೆ ಅಂಟಿಸಿದ ತಂತಿಗಳ ಮೂಲಕ ಪರದೆಯ ಮೇಲೆ ಅಲೆಯೊಂದು ಏಳುತ್ತದೆ. ಎರಡೂ ಕೈಗಳಿಂದ ಏಳದಿದ್ದರೆ ಎಚ್ಚರವಾಗುವ ಆಸೆ ಇಲ್ಲವೆಂದೇ ಲೆಕ್ಕ. ಪರೀಕ್ಷೆಗೂ ಮೊದಲು, ಮೆಷಿನ್ ಸರಿಯಿದೆಯೇ ಎಂದು ನೋಡಲು, ಕರೆಂಟ್ ಕೊಡದೆ ಒಮ್ಮೆ ಓಡಿಸುವುದು ನನ್ನ ರೂಢಿ. ಆಗ ಗೆರೆ ನೇರವಾಗಿರಬೇಕು.

ಆ ಮಧ್ಯಾಹ್ನ ಹಾಗಿರಲಿಲ್ಲ. ಅಲೆ ಎದ್ದಿತ್ತು.

ನನ್ನ ಗುಮಾನಿ ಹೋದದ್ದು ರೋಗಿಯ ಮಂಚ ಹಿಡಿದು ನಿಂತಿದ್ದ ಆತನ ಅಕ್ಕನ ಮೇಲೆ. "ಏನಾದ್ರೂ ಮುಟ್ಟಿದ್ರೇನಮ್ಮಾ?"

"ದೇವರಾಣೆ ಇಲ್ಲ ಸಾರ್."

ಆಕೆಯನ್ನು ಹೊರಗೆ ಕಳಿಸಿದೆ. ಮತ್ತೆ ಅದೇ ಜಾಗದಲ್ಲಿ ಅಲೆ. ಮೆಷಿನ್‌ಗೆ ಅರಳುಮರಳು ಎಂದು ಬೈದು, ಮಣಿಕಟ್ಟಿನ ತಂತಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಆಗಲೂ ಎದ್ದಿತು. ಜೇಬಿನೊಳಗೆ ತಂತಿಯ ತುದಿ, ಯಾರೋ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಂತೆ, ಬೆಚ್ಚಗಿತ್ತು.

ತಂತಿಯನ್ನು ಮತ್ತೆ ಅಂಟಿಸಿ ನಿಜವಾದ ಕರೆಂಟ್ ಕೊಟ್ಟೆ. ರೋಗಿಯ ಹೆಬ್ಬೆರಳು ಎಗರಿತು. ಗೆರೆ ಮಾತ್ರ ನೇರ. ಇನ್ನೊಂದು ಕೈಗೂ ಅಷ್ಟೇ.

ಡಾಕ್ಟರು ಬಾಗಿಲಲ್ಲೇ ಕೇಳಿದರು: "ಏನ್ರೀ, ಬಂತಾ? ಉಸಿರಾಟದ ಮೆಷಿನ್ ಇಡೋದಾ ತೆಗೆಯೋದಾ ಅಂತ ಸಂಜೆ ಮನೆಯವರಿಗೆ ಹೇಳ್ಬೇಕು."

ವರದಿಯಲ್ಲಿ ಕರೆಂಟ್ ಕೊಡದ ಓಟವನ್ನು ಬರೆಯಲು ಜಾಗವೇ ಇಲ್ಲ.

"ಬರಲಿಲ್ಲ ಸಾರ್," ಎಂದೆ.

ಅಲೆ ಎದ್ದ ಆ ಮೂರು ಓಟಗಳ ಪ್ರಿಂಟ್ ಹಾಳೆಗಳು ಇಂದಿಗೂ ನನ್ನ ಬಳಿ ಇವೆ. ಮೊದಲನೆಯದಕ್ಕಿಂತ ಎರಡನೆಯ ಅಲೆ ಎತ್ತರ. ಎರಡನೆಯದಕ್ಕಿಂತ ಮೂರನೆಯದು.